ಹೊಡೆದವರು ಯಾರು?

ನಿಮ್ಮ ಮನೆಯಲ್ಲಿಯೂ ಒಬ್ಬ ಮಹಾಶೂರ ಇರಬೇಕಲ್ಲವೇ? ಬೆನ್ನಿಗೆ ಟವೆಲು ಕಟ್ಟಿಕೊಂಡು ಮಂಚದಿಂದ ಹಾರುವವನು, ಇಲ್ಲವೇ ಬೆರಳಿನಿಂದ ಕಾಣದ ಬಲೆ ಬೀಸಿ ಅಜ್ಜಿಯನ್ನು ಸೆರೆಹಿಡಿಯುವವನು? 1999ರಲ್ಲಿ ನಮ್ಮ ಮನೆಯಲ್ಲಿದ್ದವನು ಶಕ್ತಿಮಾನ್. ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ ಆ ಧಾರಾವಾಹಿ ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಆರು ವರ್ಷದ ನನ್ನ ಮಗ ಒಂದು ಕೈ ಮೇಲೆತ್ತಿ ಗಿರಗಿರನೆ ತಿರುಗಿದನೆಂದರೆ ಮುಗಿಯಿತು, ಆಮೇಲೆ ಅವನ ಹೆಸರು ಹಿಡಿದು ಕರೆದರೆ ಓಗೊಡುತ್ತಿರಲಿಲ್ಲ.

ಅವನ ತಾಯಿ ಇದರಲ್ಲೊಂದು ಉಪಾಯ ಕಂಡುಕೊಂಡಳು. "ಶಕ್ತಿಮಾನ್ ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನಂತೆ" ಎಂದಳು. ತಟ್ಟೆ ತೊಳೆಯಿತು. ಹಲ್ಲುಜ್ಜುವುದು, ಪಾಟಿಚೀಲ ಜೋಡಿಸುವುದು, ಸಂಜೆಯ ಜಪಸರದಲ್ಲಿ ತೂಕಡಿಸದೆ ಕೂರುವುದು, ಎಲ್ಲವೂ ಸುಸೂತ್ರವಾಯಿತು. ನಾವು ಹಿಗ್ಗಿದೆವು.

ಒಂದು ಸಂಜೆ ನಾಲ್ಕು ವರ್ಷದ ಮಗಳು ಅಳುತ್ತ ಬಂದಳು. ಕೆನ್ನೆ ಕೆಂಪಾಗಿತ್ತು. ಅಣ್ಣನನ್ನು ಕರೆದು ಕೇಳಿದೆ. ಅವನು ಅಳುಕಲೇ ಇಲ್ಲ. "ನಾನು ಹೊಡೆದಿಲ್ಲ ಅಪ್ಪಾ, ಶಕ್ತಿಮಾನ್ ಹೊಡೆದ. ಅವಳು ಕಿಲ್ವಿಷ್."

ನನ್ನ ಕೈ ಮೇಲೆದ್ದಿತ್ತು, ಅಲ್ಲೇ ನಿಂತಿತು. ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ತಟ್ಟೆ ತೊಳೆದದ್ದು ಶಕ್ತಿಮಾನ್ ಎಂದು ಕಲಿಸಿದವರು ನಾವೇ. ತಟ್ಟೆ ಅವನದಾದರೆ ಪೆಟ್ಟೂ ಅವನದೇ ತಾನೇ?

ಹಾಗಾದರೆ ಇನ್ನೊಬ್ಬರ ವೇಷದಲ್ಲಿ ಮಾಡಿದ ಒಳಿತು ಒಳಿತೇ ಅಲ್ಲವೇ? ಇದೆಲ್ಲ ಬರಿಯ ನಟನೆ, ನಿಲ್ಲಿಸಿಬಿಡಿ ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪಲಾರೆ. 2017ರಲ್ಲಿ ಅಮೆರಿಕದ ಸಂಶೋಧಕರು ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಹತ್ತು ನಿಮಿಷದ ಬೇಸರದ ಕೆಲಸವೊಂದನ್ನು ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಬೇಸರವಾದರೆ ಪಕ್ಕದಲ್ಲೇ ಆಟವೂ ಇತ್ತು. ಬ್ಯಾಟ್‌ಮ್ಯಾನ್‌ನಂತಹ ಪಾತ್ರವನ್ನು ತಾವೇ ಎಂದುಕೊಂಡ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು. ತನ್ನ ಬೇಸರವನ್ನು ತುಸು ದೂರ ನಿಂತು ನೋಡಲು ವೇಷ ನೆರವಾಗುತ್ತದೆ.

ಮಕ್ಕಳೇಕೆ, ಲೊಯೋಲದ ಸಂತ ಇಗ್ನೇಷಿಯಸರನ್ನೇ ನೋಡಿ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದುಕೊಂಡು ಮಲಗಿದಾಗ ಅವರು ಓದಲು ಕೇಳಿದ್ದು ವೀರಯೋಧರ ಕತೆಗಳನ್ನು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಮತ್ತು ಸಂತರ ಚರಿತ್ರೆ. ಸಂತ ಫ್ರಾನ್ಸಿಸ್ ಮಾಡಿದ್ದನ್ನು ನಾನೂ ಮಾಡಿದರೆ ಹೇಗೆ ಎಂದು ಹಾಸಿಗೆಯಲ್ಲೇ ಕನಸು ಕಂಡರು. ಮರುವರ್ಷ ಮಾಂಟ್ಸೆರಾಟ್‌ನಲ್ಲಿ, ಕತೆಗಳ ಯೋಧನಂತೆಯೇ, ಮಾತೆ ಮರಿಯಮ್ಮನವರ ಪೀಠದ ಮುಂದೆ ಇರುಳಿಡೀ ಜಾಗರಣೆ ಮಾಡಿದರು. ಇದೂ ಒಂದು ಬಗೆಯ ಆಟವೇ. ಆದರೆ ಅದಕ್ಕೆ ಮುನ್ನ ತಮ್ಮ ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದ್ದರು. ಅಲ್ಲಿ ಯೋಧನ ಹೆಸರು ಒದಗುವುದಿಲ್ಲ, "ನಾನು" ಎಂದೇ ಹೇಳಬೇಕು.

ನಾವು ತಪ್ಪಿದ್ದು ಇಲ್ಲಿಯೇ. ವೇಷ ಹಾಕಲು ಕಲಿಸಿದೆವು, ಕಳಚಲು ಕಲಿಸಲಿಲ್ಲ. ತಟ್ಟೆ ತೊಳೆದ ಮೇಲೆ "ಭೇಷ್ ಶಕ್ತಿಮಾನ್" ಎಂದೆವೇ ಹೊರತು ಜ್ಞಾನಸ್ನಾನದಲ್ಲಿ ಇಟ್ಟ ಹೆಸರಿನಿಂದ ಕರೆದು, ಮಾಡಿದವನು ನೀನು ಎನ್ನಲಿಲ್ಲ. ಶಕ್ತಿಮಾನ್ ನೋಡುತ್ತಿದ್ದಾನೆ ಎಂದು ಹೆದರಿಸಿದ್ದೂ ಉಂಟು. ತಂಗಿಗೆ ದಿನವೂ ದುಷ್ಟನ ಪಾತ್ರವೇ ಏಕೆ ಎಂದು ಕೇಳಲೂ ನಮಗೆ ಹೊಳೆಯಲಿಲ್ಲ. ಧಾರಾವಾಹಿಯವರಿಗೇ ನಮಗಿಂತ ಹೆಚ್ಚು ತಿಳಿದಿತ್ತೋ ಏನೋ! ಮಕ್ಕಳು ತಮ್ಮ ತಪ್ಪಿಗೆ ತಾವೇ "ಸಾರಿ ಶಕ್ತಿಮಾನ್" ಎನ್ನುವ ಭಾಗ ಅದರಲ್ಲಿತ್ತು. ಶಕ್ತಿಮಾನ್ ಕೂಡ ದಿನದ ಬಹುಪಾಲು ಕನ್ನಡಕ ಹಾಕಿದ ಗಂಗಾಧರನಾಗಿ, ಪತ್ರಿಕೆಯೊಂದರಲ್ಲಿ ಫೋಟೋ ತೆಗೆಯುತ್ತ, ಎಲ್ಲರ ನಗೆಗೆ ಈಡಾಗುತ್ತಿದ್ದ. ಆ ಪಾತ್ರವನ್ನು ಯಾವ ಮಗುವೂ ಆಡುವುದಿಲ್ಲ.

ಆ ಸಂಜೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಈಗ ಉಲ್ಟಾ ತಿರುಗಪ್ಪಾ, ನನ್ನ ಮಗನ ಹತ್ತಿರ ಮಾತಾಡಬೇಕು" ಎಂದೆ. ಇಳಿದು, ನಿಧಾನವಾಗಿ ಒಂದು ಸುತ್ತು ತಿರುಗಿದ. ಬಹಳ ಹೊತ್ತು ನೆಲ ನೋಡುತ್ತ ನಿಂತಿದ್ದ. ಆಮೇಲೆ ತಂಗಿಯ ಬಳಿ ಹೋಗಿ, ನನಗೆ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದ.

ಮರುದಿನ ಅಂಗಳದಲ್ಲಿ ಗಿರಗಿರನೆ ತಿರುಗುತ್ತಿದ್ದವಳು ಮಗಳು. ಅವನು ಅಜ್ಜಿಯ ಹಳೆಯ ಕನ್ನಡಕ ಏರಿಸಿಕೊಂಡು, ಎರಡೂ ತಟ್ಟೆಗಳನ್ನು ಹಿಡಿದು ಬಚ್ಚಲಿಗೆ ನಡೆದಿದ್ದ.