ಇಂದಿನ ಧಮ್ಮ ಚಿಂತನೆ: ಒಂದಕ್ಕೊಂದು ಆತು ನಿಂತ ಎರಡು ಹೊರೆ



ಧಮ್ಮ ಬಂಧುಗಳೇ, ಇವತ್ತು ಬರೆಯುವ ಸರದಿ ನನ್ನದು. ಪ್ರತಿ ಸಲ ಒಂದು ಸುತ್ತವನ್ನು ಓದಿಕೊಂಡು ಅದರ ಅರ್ಥವನ್ನು ನಿಮ್ಮ ಮುಂದೆ ಇಡುತ್ತಿದ್ದೆ. ಇವತ್ತು ಸುತ್ತದ ಜೊತೆಗೆ ನನ್ನದೊಂದು ತಪ್ಪನ್ನೂ ಇಡುತ್ತಿದ್ದೇನೆ. ಅಕ್ಕನನ್ನು ಕೇಳಿದೆ. "ಬರಿ, ಇನ್ನೊಬ್ಬರ ಮನೇಲಿ ಹಿಂಗಾಗದು ಬ್ಯಾಡ" ಅಂದಳು. ಆಮೇಲೆಯೇ ಬರೆಯಲು ಕೂತೆ.

ಅಕ್ಕ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಭಾವ ತೀರಿಕೊಂಡ ಮೇಲೆ ಆ ಕೆಲಸವೇ ಅವಳಿಗೆ ಆಸರೆ. ಪಾತ್ರೆ ತೊಳೆಯುತ್ತಾ, ತರಕಾರಿ ಹೆಚ್ಚುತ್ತಾ ಇದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. ಮುಖ್ಯ ಅಡುಗೆಯವರು ಕೆಲಸ ಬಿಟ್ಟು, ಸೌಟು ಅಕ್ಕನ ಕೈಗೆ ಬಂದ ವಾರದಲ್ಲೇ ಕೆಲವು ಮನೆಗಳ ಮಕ್ಕಳು ಡಬ್ಬಿ ತರತೊಡಗಿದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳಂತೆ. ಅಕ್ಕ ಇನ್ನೇನು ಸಾರು ಬಡಿಸಬೇಕು, ಅಷ್ಟರಲ್ಲಿ ಹುಡುಗಿಯ ಅಣ್ಣ ದೂರದಿಂದ ಕೂಗಿದ. ಮಗು ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಹೊರಟುಹೋಯಿತು.

ಆವತ್ತಿನಿಂದ ಅಕ್ಕನ ಅಂಗೈ ಉರಿಯಲು ಶುರುವಾಯಿತು.

"ಕೆಂಡ ಮಡಗ್ದಂಗೆ ಉರೀತದೆ ಕಣೋ ತಮ್ಮ" ಅನ್ನುತ್ತಿದ್ದಳು. ನೋಡಿದರೆ ಒಂದು ಗುಳ್ಳೆಯೂ ಇಲ್ಲ, ಕೆಂಪೂ ಇಲ್ಲ. ಮುಲಾಮು ಹಚ್ಚಿದೆವು, ಹರಳೆಣ್ಣೆ ತಿಕ್ಕಿದೆವು. ಬರಬರುತ್ತಾ ನಿದ್ದೆ ಹೋಯಿತು. ರಾತ್ರಿ ಮೂರು ಗಂಟೆಗೆ ಎದ್ದು ಬಚ್ಚಲಲ್ಲಿ ಕೈ ತೊಳೆಯುತ್ತಾ ಕೂರುತ್ತಿದ್ದಳು. ಊಟ ಬಿಟ್ಟಳು, ಮಾತು ಬಿಟ್ಟಳು. ನೆಂಟರು ಗಾಳಿ ಸೋಕಿದೆ ಎಂದು ಮೈಮೇಲೆ ದೇವರು ಬರುವವನೊಬ್ಬನ ಹತ್ತಿರ ಕರೆದುಕೊಂಡು ಹೋಗಿ ಕೊರಳಿಗೆ ತಾಯಿತ ಕಟ್ಟಿಸಿದರು. ನಾನು ಜಗಳವಾಡಿದೆ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಸ್ವೀಕರಿಸಿದ ಮನೆಯಲ್ಲಿ ಇದೆಲ್ಲ ಏನು ಎಂದು ಕೂಗಾಡಿ, ತಾಯಿತ ಕಿತ್ತೆಸೆದು, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋವೈದ್ಯರು ಇದು ಖಿನ್ನತೆ ಎಂದರು. ಮಾತ್ರೆ ಕೊಟ್ಟರು. ಪರಿಣಾಮ ಕಾಣಲು ಕೆಲವು ವಾರ ಬೇಕು, ಅವಸರ ಬೇಡ, ನಡುವೆ ನೀವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಿದರು. ಒಂದೂವರೆ ತಿಂಗಳಲ್ಲಿ ಅಕ್ಕ ರಾತ್ರಿ ಮಲಗತೊಡಗಿದಳು.

ಇಲ್ಲಿಯವರೆಗೆ ನಾನು ಮಾಡಿದ್ದು ಸರಿ. ತಪ್ಪು ಇನ್ನು ಮುಂದಿನದು.

ಆ ಬೇಸಿಗೆ ರಜೆಯಲ್ಲಿ ನಾನು ಹತ್ತು ದಿನಗಳ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಮನಸ್ಸು ತಿಳಿಯಾಗಿತ್ತು. ಆ ಉತ್ಸಾಹದಲ್ಲಿ ಬಂದು ಅಕ್ಕನಿಗೆ ಹೇಳಿದೆ: "ಎಷ್ಟು ದಿನ ಅಂತ ಮಾತ್ರೆ ನುಂಗ್ತೀಯಕ್ಕ? ಬುದ್ಧರೇ ನಮಗೆ ದೊಡ್ಡ ವೈದ್ಯರು. ದಿನಾ ಬೆಳಿಗ್ಗೆ ಒಂದು ಗಂಟೆ ಕಣ್ಣು ಮುಚ್ಚಿ ಉಸಿರು ನೋಡು, ಎಲ್ಲಾ ಹೋಗುತ್ತೆ." ನಮ್ಮ ಮನೆಯಲ್ಲಿ ಎಂ.ಎ. ಓದಿದವನು ನಾನೊಬ್ಬನೇ. ನನ್ನ ಮಾತು ಅವಳಿಗೆ ಡಾಕ್ಟರ ಮಾತಿಗಿಂತ ದೊಡ್ಡದು. ಮರುದಿನದಿಂದಲೇ ಮಾತ್ರೆ ಬಿಟ್ಟಳು.

ಕಣ್ಣು ಮುಚ್ಚಿದರೆ ಅವಳಿಗೆ ಉಸಿರು ಕಾಣಲಿಲ್ಲ. ನೆಲದ ಮೇಲಿಟ್ಟ ಆ ತಟ್ಟೆ ಕಂಡಿತು. ದಿನಾ ಒಂದು ಗಂಟೆ ಅದನ್ನೇ ನೋಡುತ್ತಾ ಕೂತಿದ್ದಳು. ನನಗೆ ಬೇಜಾರಾಗುತ್ತದೆಂದು ಹೇಳಲಿಲ್ಲ. ಮೂರನೆಯ ವಾರ ಒಂದು ನಸುಕಿನಲ್ಲಿ ಅಕ್ಕನ ಮಗಳು ಫೋನ್ ಮಾಡಿ ಅಮ್ಮ ಮನೆಯಲ್ಲಿಲ್ಲ ಎಂದು ಅತ್ತಳು. ಹುಡುಕಿದೆವು. ಹೊಲದ ಬದುವಿನ ಮೇಲೆ, ಬರಿಗಾಲಿನಲ್ಲಿ, ಇಬ್ಬನಿಯಲ್ಲಿ ನೆನೆದು ಕೂತಿದ್ದಳು. ನನ್ನನ್ನು ನೋಡಿದ ಕೂಡಲೇ ಅಂದಳು: "ನಂಗೆ ಧ್ಯಾನವೂ ಬರ್ನಿಲ್ಲ ಕಣೋ. ನಾನು ಬೌದ್ಧಳಾಗಕ್ಕೂ ಲಾಯಕ್ಕಿಲ್ಲ."

ಬಂಧುಗಳೇ, ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಊಟ ಮುಟ್ಟದವರು ಅವಳಿಗೆ ನೀನು ಲಾಯಕ್ಕಿಲ್ಲ ಎಂದಿದ್ದರು. ಒಡಹುಟ್ಟಿದ ನಾನೂ ಗೊತ್ತಿಲ್ಲದೆ ಅದನ್ನೇ ಹೇಳಿದ್ದೆ. ಅವಳ ಕೊರಳಿನಿಂದ ಒಂದು ತಾಯಿತ ಕಿತ್ತು ಇನ್ನೊಂದನ್ನು ಕಟ್ಟಿದ್ದೆ. ನಾನು ಕಟ್ಟಿದ ತಾಯಿತದ ಹೆಸರು ಧ್ಯಾನ, ಅಷ್ಟೇ ವ್ಯತ್ಯಾಸ. ಕಾರಣ ಕೇಳದೆ, ಪರೀಕ್ಷೆ ಮಾಡದೆ, ಇದೊಂದರಿಂದ ಎಲ್ಲವೂ ವಾಸಿ ಎನ್ನುವುದು ಯಾರು ಹೇಳಿದರೂ ಮೂಢನಂಬಿಕೆಯೇ.

ಈಗ ಸುತ್ತಕ್ಕೆ ಬರೋಣ. ಸಂಯುತ್ತ ನಿಕಾಯದ ನಳಕಲಾಪಿ ಸುತ್ತದಲ್ಲಿ ಪೂಜ್ಯ ಸಾರಿಪುತ್ತರು ಮಹಾಕೊಟ್ಠಿತರಿಗೆ ಒಂದು ಹೋಲಿಕೆ ಕೊಡುತ್ತಾರೆ. ಜೊಂಡಿನ ಎರಡು ಹೊರೆಗಳನ್ನು ಒಂದಕ್ಕೊಂದು ಆತು ನಿಲ್ಲಿಸಿದರೆ ಎರಡೂ ನಿಲ್ಲುತ್ತವೆ. ಒಂದನ್ನು ಎಳೆದರೆ ಇನ್ನೊಂದೂ ಬೀಳುತ್ತದೆ. ವಿಞ್ಞಾಣವೂ ನಾಮರೂಪವೂ ಹಾಗೆಯೇ ಎಂದು ಅವರು ಹೇಳುತ್ತಾರೆ. ನಾಮರೂಪದಲ್ಲಿ ನಮ್ಮ ಈ ಮೈಯೂ ಸೇರಿದೆ. ಮನಸ್ಸು ಮೇಲಿನದು, ಮೈ ಕೀಳು ಎಂಬ ಮಾತು ಅಲ್ಲಿಲ್ಲ. ಸತಿಪಟ್ಠಾನದಲ್ಲೂ ಮೊದಲ ಮೆಟ್ಟಿಲು ಕಾಯ. ವೇದನೆ, ಚಿತ್ತ, ಧಮ್ಮ ಆಮೇಲೆ ಬರುತ್ತವೆ.

ನಾನು ಕನ್ನಡ ಮೇಷ್ಟ್ರು. ನಮ್ಮ ಭಾಷೆಗೂ ಇದು ಮೊದಲೇ ಗೊತ್ತಿತ್ತಲ್ಲ ಎಂದು ಆಮೇಲೆ ಹೊಳೆಯಿತು. ದುಃಖವಾದರೆ ಎದೆ ಭಾರ, ಅಸೂಯೆಗೆ ಹೊಟ್ಟೆಯುರಿ, ಮಕ್ಕಳ ನೋವಿಗೆ ಕರುಳು ಕಿತ್ತು ಬರುತ್ತದೆ, ಭಯಕ್ಕೆ ಕೈಕಾಲು ತಣ್ಣಗಾಗುತ್ತವೆ. ಖಿನ್ನತೆ ಎಂಬ ಪದ ನಮ್ಮ ಅವ್ವಂದಿರ ಬಾಯಲ್ಲಿ ಇರಲಿಲ್ಲ. ಅವರು ಮೈಯ ಮಾತಿನಲ್ಲೇ ಮನಸ್ಸನ್ನು ಹೇಳಿಕೊಂಡರು. ಅಕ್ಕನೂ ಹೇಳಿದಳು. ಅವಳ ಅವಮಾನ ಎಲ್ಲಿ ಆಯಿತೋ, ಸೌಟು ಹಿಡಿದ ಆ ಕೈಯಲ್ಲೇ, ಉರಿಯಾಗಿ ಕೂತಿತ್ತು. ನಾವು ಮುಲಾಮು ಹುಡುಕುತ್ತಿದ್ದೆವು.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ವೈದ್ಯರು ನನ್ನನ್ನು ಬೈಯಲಿಲ್ಲ. ರಕ್ತಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆಯಿತ್ತು, ಥೈರಾಯ್ಡ್ ಗ್ರಂಥಿಯೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅವೆರಡೂ ಮನುಷ್ಯರನ್ನು ಸುಸ್ತಾಗಿಸಿ, ಮಂಕಾಗಿಸಿ, ಖಿನ್ನತೆಯನ್ನು ಹೆಚ್ಚಿಸಬಲ್ಲವು ಎಂದು ವಿವರಿಸಿದರು. ಅದಕ್ಕೆ ಬೇರೆ ಮಾತ್ರೆ ಕೊಟ್ಟು, ಮೊದಲಿನ ಮಾತ್ರೆಯನ್ನು ಮತ್ತೆ ಶುರುಮಾಡಿದರು. ಆಮೇಲೆ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಆಕೆ ಕೇಳಿದ ಮೊದಲ ಪ್ರಶ್ನೆ: "ಅಕ್ಕಾ, ಮನೇಲಿ ನಿಮ್ಮ ಜೊತೆ ಕೂತು ಯಾರು ಉಣ್ತಾರೆ?"

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಇನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದವಳು ಎರಡು ವರ್ಷದಿಂದ ಒಬ್ಬಳೇ ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ತಮ್ಮನಾದ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಉಸಿರು ನೋಡು ಎಂದು ಮಾತ್ರ ಹೇಳಿದ್ದೆ.

ಮನುಷ್ಯರನ್ನು ಹೀಗೆ ಇಡಿಯಾಗಿ ನೋಡಬೇಕೆಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ವಾದಿಸಿದರು. ಕಾಯಿಲೆಯಲ್ಲಿ ಮೈ, ಮನಸ್ಸು, ಸಮಾಜ ಮೂರೂ ಇರುತ್ತವೆ, ಮೂರನ್ನೂ ವಿಚಾರಿಸಬೇಕು ಎಂಬುದು ಅವರ ಮಾತಿನ ಸಾರ. 1979ರಲ್ಲಿ ಜಾನ್ ಕಬತ್-ಜಿನ್ ಎಂಬುವರು ಬುದ್ಧರ ಸತಿಯ ಅಭ್ಯಾಸವನ್ನು ಅಮೆರಿಕದ ಆಸ್ಪತ್ರೆಯೊಂದಕ್ಕೆ ತಂದರು. ಅದನ್ನು ಆಧರಿಸಿ ಮುಂದೆ ಖಿನ್ನತೆಗೂ ಒಂದು ಚಿಕಿತ್ಸಾಕ್ರಮ ಬಂತು. ಆದರೆ ಒಂದು ವಿಷಯ ಗಮನಿಸಿ. ಆ ಕ್ರಮವನ್ನು ರೂಪಿಸಿದ್ದು ಮುಖ್ಯವಾಗಿ ಖಿನ್ನತೆಯಿಂದ ಚೇತರಿಸಿಕೊಂಡವರಿಗೆ, ಅದು ಮರುಕಳಿಸದಿರಲಿ ಎಂದು. ಕಾಯಿಲೆ ಜೋರಾಗಿರುವಾಗ, ದೊಡ್ಡ ಆಘಾತ ಆಗಿರುವಾಗ, ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರುವುದು ಕೆಲವರಿಗೆ ಸಂಕಟವನ್ನೇ ಹೆಚ್ಚಿಸಬಹುದು. ಧಮ್ಮ ಔಷಧಿಯೇ ಹೌದು. ಔಷಧಿಗೆ ಹೊತ್ತು, ಪ್ರಮಾಣ, ರೋಗಿಯ ಸ್ಥಿತಿ ಎಂಬುದಿದೆ.

ಬುದ್ಧರಿಗೆ ಇದು ತಿಳಿದಿತ್ತು. ಆಳವಿಯ ರೈತನ ಕತೆ ನಿಮಗೆ ನೆನಪಿರಬಹುದು. ತಪ್ಪಿಸಿಕೊಂಡ ಎತ್ತನ್ನು ಹುಡುಕಿ ಹಸಿದು ಬಳಲಿ ಬಂದವನಿಗೆ ಬುದ್ಧರು ಮೊದಲು ಊಟ ಬಡಿಸಲು ಹೇಳಿದರು. ಅವನು ಉಂಡು ಸುಧಾರಿಸಿಕೊಳ್ಳುವವರೆಗೆ ಧಮ್ಮೋಪದೇಶ ಶುರುಮಾಡಲಿಲ್ಲ. ಭಿಕ್ಖುಗಳು ತಮ್ಮತಮ್ಮಲ್ಲೇ ಗೊಣಗಿದಾಗ, ಹಸಿದವನಿಗೆ ಧಮ್ಮ ಹೇಳಿದರೆ ತಲೆಗೆ ಹೋಗದು, ಹಸಿವಿನಂಥ ರೋಗವಿಲ್ಲ ಎಂದು ತಿಳಿಹೇಳಿದರು. ನಾನು ಹಸಿದವಳಿಗೆ ಉಪದೇಶ ಮಾಡಿದ್ದೆ.

ಇನ್ನೊಂದು ಮಾತು. ಸಲ್ಲತ್ಥ ಸುತ್ತದಲ್ಲಿ ಎರಡು ಬಾಣಗಳ ಹೋಲಿಕೆ ಬರುತ್ತದೆ. ಮೈಗೆ ತಗುಲುವ ನೋವು ಮೊದಲ ಬಾಣ, ಅದಕ್ಕಾಗಿ ಮನಸ್ಸು ಹಲುಬಿ ನರಳುವುದು ಎರಡನೆಯ ಬಾಣ. ಎರಡನೆಯದನ್ನು ತಪ್ಪಿಸಿಕೊಳ್ಳಲು ಕಲಿಯಬಹುದು. ನಿಜ. ಆದರೆ ಅಕ್ಕನಿಗೆ ಮೊದಲ ಬಾಣ ತಾನಾಗಿ ಬಂದು ತಗುಲಲಿಲ್ಲ, ಬಿಟ್ಟವರಿದ್ದರು. ಬಿಟ್ಟವರನ್ನು ಕೇಳದೆ, ತಗುಲಿಸಿಕೊಂಡವಳಿಗೆ ಮಾತ್ರ ಸಮಚಿತ್ತ ಬೋಧಿಸುವುದು ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮವಲ್ಲ. 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ಅವರನ್ನು ದೊಣ್ಣೆ ಹಿಡಿದವರು ಹೊರಹಾಕಿದರು. ವಿದೇಶದಲ್ಲಿ ಓದಿ ಬಂದ ಆ ವಿದ್ವಾಂಸರು ಉಳಿಯಲು ಒಂದು ಕೋಣೆಯಿಲ್ಲದೆ ಉದ್ಯಾನದಲ್ಲಿ ಕೂತಿದ್ದರು. ಹದಿನೆಂಟು ವರ್ಷ ಕಳೆದ ಮೇಲೂ ಅದನ್ನು ನೆನೆದರೆ ಕಣ್ಣು ತುಂಬುತ್ತದೆ ಎಂದು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದುಕೊಂಡಿದ್ದಾರೆ. ಅವರಂಥವರ ಮೈಯಲ್ಲೇ ಅವಮಾನ ಅಷ್ಟು ವರ್ಷ ಉಳಿಯಿತು ಎಂದಮೇಲೆ ನಮ್ಮ ಅಕ್ಕತಂಗಿಯರು ಅತ್ತರೆ ಅದು ದೌರ್ಬಲ್ಯವಲ್ಲ. ಅವರು ಕಣ್ಣೀರನ್ನೂ ಮುಚ್ಚಿಡಲಿಲ್ಲ, ಕಾನೂನನ್ನೂ ಬರೆದರು. ಮಧುಮೇಹಕ್ಕೆ ಔಷಧಿಯನ್ನೂ ತೆಗೆದುಕೊಂಡರು. ಸಕ್ಕರೆ ಕಾಯಿಲೆಯ ಮಾತ್ರೆಗೆ ಇಲ್ಲದ ನಾಚಿಕೆ ಮನಸ್ಸಿನ ಮಾತ್ರೆಗೆ ಯಾಕೆ?

ನಾವು ಊರಿನ ಯುವಕರು ಸೇರಿ ಶಾಲೆಯ ವಿಷಯವಾಗಿ ಲಿಖಿತ ದೂರು ಕೊಟ್ಟೆವು. ಅಧಿಕಾರಿಗಳು ಬಂದರು, ಸಭೆ ಆಯಿತು, ಅವರೂ ಅಲ್ಲೇ ಕೂತು ಅಕ್ಕನ ಅಡುಗೆ ಉಂಡರು. ಹೆಚ್ಚಿನ ಮಕ್ಕಳು ಮತ್ತೆ ಸಾಲಿಗೆ ಬಂದರು. ಎರಡು ಮನೆಯ ಮಕ್ಕಳು ಇವತ್ತಿಗೂ ಡಬ್ಬಿ ತರುತ್ತಾರೆ. ರಾತ್ರಿಯ ಊಟವನ್ನು ಈಗ ಅಕ್ಕ ನಮ್ಮ ಮನೆಯವರ ಜೊತೆ ಮಾಡುತ್ತಾಳೆ. ಮಾತ್ರೆ ನಡೆಯುತ್ತಿದೆ. ಡೋಸ್ ಇಳಿಸುವುದು, ನಿಲ್ಲಿಸುವುದು ಡಾಕ್ಟರ ತೀರ್ಮಾನ, ನನ್ನದಲ್ಲ. ಧ್ಯಾನ ಬಿಟ್ಟಿಲ್ಲ. ಆದರೆ ಸಮಾಲೋಚಕಿ ಹೇಳಿಕೊಟ್ಟಂತೆ ಕಣ್ಣು ತೆರೆದುಕೊಂಡೇ, ಹೊಲದ ದಾರಿಯಲ್ಲಿ ಹತ್ತು ನಿಮಿಷ ನಡೆಯುತ್ತಾ, ಪಾದ ನೆಲ ಮುಟ್ಟುವುದನ್ನು ಗಮನಿಸುತ್ತಾಳೆ. ಕಳೆದ ಬುದ್ಧಪೂರ್ಣಿಮೆಗೆ ವಿಹಾರದಲ್ಲಿ ಪಾಯಸ ಮಾಡಿದವಳು ಅವಳೇ. ಬಡಿಸಿ ಮುಗಿದ ಮೇಲೆ ಅಂಗೈ ಹೇಗಿದೆ ಎಂದು ಕೇಳಿದೆ. "ಒಂದೊಂದಿನ ಉರೀತದೆ. ಇವತ್ತು ಇಲ್ಲ" ಅಂದಳು.

ಇಂದಿನ ಅಭ್ಯಾಸ ಇಷ್ಟೇ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಕಾರಣ ಸಿಗದ ಮೈಕೈ ನೋವು, ಎದೆ ಹೊಡೆತ, ನಿದ್ದೆಗೇಡು ಎನ್ನುವವರಿದ್ದರೆ ಉಪದೇಶ ಬೇಡ. ಪಕ್ಕದಲ್ಲಿ ಕೂತು ನಾಲ್ಕು ಮಾತು ಕೇಳಿ: ನಿದ್ದೆ ಬರುತ್ತಾ? ಊಟ ಸೇರುತ್ತಾ? ಯಾರ ಜೊತೆ ಉಣ್ತೀರಿ? ಯಾರಾದರೂ ನೋಯಿಸಿದರಾ? ಆಮೇಲೆ ಆಸ್ಪತ್ರೆಗೆ ಜೊತೆಯಾಗಿ ಹೋಗಿ. ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸರ್ಕಾರದಿಂದ ಈ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. ನಡುರಾತ್ರಿ ಬದುಕೇ ಬೇಡ ಎನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಒಂದು ಹೊರೆ ವಾಲಿದಾಗ ಇನ್ನೊಂದನ್ನೂ ಹಿಡಿದುಕೊಳ್ಳಬೇಕು. ಎರಡನ್ನೂ ಹಿಡಿಯಲು ಒಬ್ಬರ ಕೈ ಸಾಲದು. ಸಂಘ ಇರುವುದು ಅದಕ್ಕೇ.

ಭವತು ಸಬ್ಬ ಮಂಗಲಂ. ಜೈ ಭೀಮ್.