ಪರದೇಶದ ಮೊದಲ ದಿವಸ

ತೀರ್ಥವನ್ನು ಸೇರಿದವರಿಗೆ ಧರ್ಮಶಾಸ್ತ್ರಕಾರರು ಮುಂಡನೋಪವಾಸಗಳನ್ನು ವಿಧಿಸಿ, ಕುರುಕ್ಷೇತ್ರ, ಗಯಾ ಮೊದಲಾದ ಕೆಲವೇ ಸ್ಥಳಗಳನ್ನು ಬಿಟ್ಟರು. ಹೊಸ ಊರನ್ನು ಭೋಗಿಸುವುದಕ್ಕೆ ಮುನ್ನ ಬಾಯನ್ನು ಬಿಗಿಹಿಡಿಯಬೇಕೆಂಬುದು ಇದರ ತಾತ್ಪರ್ಯವಿರಬೇಕು. ಕೇವಲ ವಿನೋದಾರ್ಥವಾಗಿ ಹೋದವರಿಗೂ ಇಂತಹ ನಿಯಮವುಂಟೆ?

ಸೋಸಲೆಯ ದಂಪತಿಗಳು ರಜೆಗೆಂದು ಸಿಂಗಪುರಕ್ಕೆ ಹೋದರೆಂದು ಭಾವಿಸೋಣ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿದುದಾಯಿತು. ದಾರಿ ಕೇಳಿದರೆ ನಿಲ್ಲದೆ ನಡೆದ ಒಬ್ಬನನ್ನು ಕಂಡು ಯಜಮಾನರು, ಊರು ಚೊಕ್ಕಟ, ಜನ ಒರಟು ಎಂದು ಸಂಜೆಯೊಳಗೇ ತೀರ್ಪಿತ್ತುಬಿಡುವರು. ಗೃಹಿಣಿಯಾದರೋ, “ಕುಂಭಮೇಳಕ್ಕೆ ಬಂದವರು ನಮ್ಮನ್ನು ಹೀಗೆ ಅಳೆದುಹೋದರೆ ನೀವು ಒಪ್ಪುತ್ತೀರಾ?” ಎಂದಾಳು. ನೆರೆಯ ತಿರುಮಕೂಡಲಿನಲ್ಲಿ 1989ರಲ್ಲಿ ಆರಂಭವಾದ ಆ ಮೇಳಕ್ಕೆ ಬಂದವನು ಕಾವೇರೀ ಕಪಿಲೆಯರ ಸಂಗಮದಲ್ಲಿ ಮಿಂದು, ನೂಕುನುಗ್ಗಲನ್ನು ಶಪಿಸಿ ಹೊರಡುವನು. ಸೋಸಲೆಯ ವ್ಯಾಸರಾಜ ಮಠದ ಹೆಸರನ್ನು ಸಹ ಕೇಳಿರನು.

ಪ್ರತ್ಯಕ್ಷಕ್ಕಿಂತ ಮಿಗಿಲಾದ ಪ್ರಮಾಣವುಂಟೆ ಎಂದು ಯಜಮಾನರು ಆಕ್ಷೇಪಿಸಬಹುದು. ಇಲ್ಲವೆಂದೇ ಒಪ್ಪೋಣ. ಆದರೆ ಕಣ್ಣು ಕಂಡುದು ಒಬ್ಬನನ್ನು, ಒಂದು ಗಳಿಗೆಯಲ್ಲಿ. ‘ಜನ ಒರಟು’ ಎಂಬುದು ಅನುಮಾನ. ಅದೂ ವ್ಯಾಪ್ತಿಯಿಲ್ಲದ ಅನುಮಾನ. ಆತನ ಮಗುವಿಗೆ ಜ್ವರವಿತ್ತೋ ಏನೋ!

ಹಾಗಾದರೆ ‘ಊರು ಚೊಕ್ಕಟ’ ಎಂಬುದೂ ಅನುಮಾನವೇ ಆಯಿತಲ್ಲವೆ? ಆಯಿತು. ಆದರೆ ಅದರಿಂದ ಸುಳ್ಳು ಅಪವಾದಕ್ಕೆ ಗುರಿಯಾದವರು ಯಾರೂ ಇಲ್ಲ.