ಚಿರಂಜೀವಿಯ ಒಂಟಿತನ

ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿನ ಹಿಂದೆ ‘ಚಿ.’ ಎಂದು ಅಚ್ಚು ಹಾಕಿಸದ ತಂದೆತಾಯಿಗಳು ನಮ್ಮಲ್ಲಿ ವಿರಳ. ಬಹುಕಾಲ ಬಾಳಲಿ ಎಂಬ ಹರಕೆ ಅದು, ತಪ್ಪೇನಿಲ್ಲ. ಆದರೆ ಚಿರಂಜೀವಿಗಳೆಂದು ನಮ್ಮ ಹಿರಿಯರು ಎಣಿಸಿಟ್ಟ ಏಳು ಮಂದಿಯ ಪಟ್ಟಿಯನ್ನು ಬಿಡಿಸಿ ನೋಡಿದರೆ ಹರಸಲು ಎತ್ತಿದ ಕೈ ಅರ್ಧದಲ್ಲೇ ನಿಂತೀತು. ಆ ಪಟ್ಟಿಯ ಮೊದಲನೆಯ ಹೆಸರೇ ಅಶ್ವತ್ಥಾಮನದು. ಮಗನ ಮದುವೆಯ ದಿನ ಅವನನ್ನು ಯಾರು ತಾನೆ ನೆನೆದಾರು? ಸಾವು ಬೇಡವೆಂಬ ಆಸೆ ಎಲ್ಲರಿಗೂ ಉಂಟು. ಸಾಯದೆ ಉಳಿದವನು ಹೊತ್ತು ಹೇಗೆ ಕಳೆಯುತ್ತಾನೆಂದು ವಿಚಾರಿಸುವ ವ್ಯವಧಾನ ಮಾತ್ರ ಇಲ್ಲ.

ಆ ವಿಚಾರಣೆಯನ್ನು ನಡೆಸುವ ಒಂದು ಚಲಚ್ಚಿತ್ರವಿದೆ. ಅದು ಭೂತದ ಚಿತ್ರ, ಜೊತೆಗೆ ನಗೆಯ ಚಿತ್ರ. 2014ರಲ್ಲಿ ಬಂದ ನ್ಯೂಜಿಲೆಂಡಿನ ‘ವಾಟ್ ವಿ ಡೂ ಇನ್ ದ ಶ್ಯಾಡೋಸ್’. ಜೆಮೇನ್ ಕ್ಲೆಮೆಂಟ್ ಮತ್ತು ಟೈಕಾ ವೈಟೀಟಿ ಎಂಬಿಬ್ಬರು ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ದು. ಊರಿಗೆ ಬಂದಿದ್ದ ನನ್ನ ತಮ್ಮನ ಮಗ ಒತ್ತಾಯದಿಂದ ತೋರಿಸಿದ. ವೆಲ್ಲಿಂಗ್ಟನ್ ನಗರದ ಒಂದು ಬಾಡಿಗೆ ಮನೆಯಲ್ಲಿ ನಾಲ್ವರು ರಕ್ತಪಿಶಾಚಿಗಳು ವಾಸವಾಗಿದ್ದಾರೆ. ಅತ್ಯಂತ ಕಿರಿಯನಿಗೆ 183 ವರ್ಷ. ಸಭ್ಯನಾದ ವಿಯಾಗೋ ಎಂಬವನಿಗೆ 379. ನೆಲಮಾಳಿಗೆಯ ಕಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುವ ಪೀಟರನಿಗೆ ಎಂಟು ಸಾವಿರ! ಇಷ್ಟು ಆಯುಸ್ಸು ಪಡೆದ ಈ ಮಹಾಶಯರು ಸಭೆ ಸೇರಿ ಚರ್ಚಿಸುವ ಘನ ವಿಷಯ ಯಾವುದು? ಐದು ವರ್ಷಗಳಿಂದ ಪಾತ್ರೆ ತೊಳೆಯುವ ಸರದಿಯನ್ನು ಒಬ್ಬ ತಪ್ಪಿಸಿಕೊಂಡಿದ್ದಾನೆ, ಇದಕ್ಕೇನು ಮಾಡೋಣ ಎಂಬುದು.

ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಿದ್ದಂತೆ ಮೈ ಜುಮ್ಮೆಂದದ್ದೂ ಉಂಟು. ಈ ಜನ ಬದುಕುವುದು ಇನ್ನೊಬ್ಬರ ಪ್ರಾಣದಿಂದ ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಮನೆಗೆ ಬಂದ ಅತಿಥಿಯ ಕೊರಳಿಗೆ ಬಾಯಿ ಹಾಕುವ ಮುನ್ನ ವಿಯಾಗೋ, ನೆಲಕ್ಕೆ ಕಲೆಯಾಗದಿರಲೆಂದು ವೃತ್ತಪತ್ರಿಕೆಯ ಹಾಳೆಗಳನ್ನು ಹಾಸುತ್ತಾನೆ. (ಪುರವಣಿಗಳಿಗೆ ಇಂಥ ಉಪಯೋಗವೂ ಇದೆಯೆಂದು ಬರೆಯುವವರಾದ ನಾವು ತಿಳಿದಿರುವುದು ಒಳ್ಳೆಯದು.) ಆದರೂ ಅವನ ಮೇಲೆ ಸಿಟ್ಟು ಬರಲೊಲ್ಲದು. ಅವನು ಒಬ್ಬ ಹೆಣ್ಣನ್ನು ಪ್ರೀತಿಸಿ ಅವಳನ್ನು ಹುಡುಕಿಕೊಂಡು ಅಷ್ಟು ದೂರ ಬಂದವನು. ಶವಪೆಟ್ಟಿಗೆಗೆ ಅಂಚೆಯ ವೆಚ್ಚ ಸರಿಯಾಗಿ ಹಚ್ಚದೆ ತಡವಾಯಿತು. ಬಂದು ಮುಟ್ಟುವಷ್ಟರಲ್ಲಿ ಅವಳು ಬೇರೊಬ್ಬನ ಹೆಂಡತಿ. ಈಗ ಅವಳು 96ರ ಮುದುಕಿ, ವೃದ್ಧಾಶ್ರಮದಲ್ಲಿದ್ದಾಳೆ. ಇವನು ಇರುಳಲ್ಲಿ ಹೊರಗೆ ನಿಂತು ಕಿಟಕಿಯಿಂದ ಅವಳನ್ನು ನೋಡುತ್ತಾನೆ.

ಪಶ್ಚಿಮದ ರಕ್ತಪಿಶಾಚಿಗೆ ಒಂದು ಕಟ್ಟಳೆಯಿದೆ: ಒಳಗಿನವರು ಬಾ ಎನ್ನದೆ ಅವನು ಹೊಸ್ತಿಲು ದಾಟಲಾರ. ಗೋಡೆ ಹತ್ತಬಲ್ಲ, ಬಾವಲಿಯಾಗಿ ಹಾರಬಲ್ಲ, ನೂರಾರು ವರ್ಷ ಬಾಳಬಲ್ಲ. ಆದರೆ ಸಾರಾಯಿ ಅಂಗಡಿಯ ಬಾಗಿಲ ಕಾವಲುಗಾರ ‘ಒಳಗೆ ಬನ್ನಿ’ ಎನ್ನಲಿ ಎಂದು ಅಂಗಲಾಚಬೇಕು. ಚಿತ್ರದಲ್ಲಿ ಇದೊಂದು ದೊಡ್ಡ ತಮಾಷೆ. ನನಗಾದರೋ ಇಡೀ ಪ್ರಶ್ನೆಯ ಬೀಗದ ಕೈ ಇಲ್ಲಿಯೇ ಇದೆ ಎನ್ನಿಸಿತು. ಆಯುಸ್ಸು ಎಷ್ಟು ಎಂಬುದಕ್ಕಿಂತ, ಬಾ ಎನ್ನುವವರು ಉಂಟೋ ಇಲ್ಲವೋ ಎಂಬುದರ ಮೇಲೆ ಅದು ವರವೋ ಶಾಪವೋ ಎಂಬುದು ನಿಂತಿದೆ.

ವ್ಯಾಸರಿಗೆ ಇದು ಗೊತ್ತಿತ್ತು. ಸೌಪ್ತಿಕ ಪರ್ವದಲ್ಲಿ, ನಿದ್ದೆಯಲ್ಲಿದ್ದ ದ್ರೌಪದಿಯ ಮಕ್ಕಳನ್ನು ಕೊಂದು, ಉತ್ತರೆಯ ಗರ್ಭದ ಮೇಲೂ ಅಸ್ತ್ರ ಬಿಟ್ಟ ಅಶ್ವತ್ಥಾಮನಿಗೆ ಕೃಷ್ಣನು ಕೊಡುವ ಶಾಪವನ್ನು ಗಮನಿಸಿ ಓದಬೇಕು. ಅಲ್ಲಿ ಸಾವಿಲ್ಲದ ಬಾಳಿನ ಮಾತಿಲ್ಲ. ಮೂರು ಸಾವಿರ ವರ್ಷ ಎಂದು ಲೆಕ್ಕ ಹೇಳಿದೆ. ಶಾಪದ ಭಾರವೆಲ್ಲ ಬಿದ್ದಿರುವುದು ಮುಂದಿನ ಮಾತಿನ ಮೇಲೆ: ಜೊತೆಯಿಲ್ಲದೆ, ಯಾರೊಡನೆಯೂ ಮಾತಿಲ್ಲದೆ, ಕೀವು ನೆತ್ತರು ನಾರುತ್ತ ಕಾಡಿನಲ್ಲಿ ಅಲೆ ಎಂಬುದು. ಮಲಗಿದ್ದ ಮನೆಯೊಂದನ್ನು ನಾಶಮಾಡಿದವನಿಗೆ ಯಾವ ಮನೆಯ ಬಾಗಿಲೂ ತೆರೆಯಬಾರದು. ಮರಣದಂಡನೆ ಇದಕ್ಕಿಂತ ಹಗುರ. ಆದರೆ ನಮ್ಮ ಜನ ಆ ಶಾಪವನ್ನೂ ಪೂರ್ತಿ ನಡೆಯಗೊಟ್ಟಿಲ್ಲ ನೋಡಿ! ಮಧ್ಯಪ್ರದೇಶದ ಬುರ್ಹಾನಪುರದ ಬಳಿ ಅಸೀರ್‌ಗಡವೆಂಬ ಕೋಟೆಯಿದೆ. ಅಲ್ಲಿಯ ಶಿವನಿಗೆ ಅಶ್ವತ್ಥಾಮ ಇಂದಿಗೂ ಹೂವೇರಿಸಿ ಹೋಗುತ್ತಾನೆಂದೂ, ಹಣೆಯ ಗಾಯಕ್ಕೆ ಎಣ್ಣೆ ಬೇಡುತ್ತಾನೆಂದೂ ಆ ಕಡೆಯವರು ನಂಬುತ್ತಾರೆ. ಎಣ್ಣೆ ಕೇಳುವಷ್ಟು ಮಾತಿಗಾದರೂ ಅವನಿಗೆ ಅವಕಾಶ ಮಾಡಿಕೊಟ್ಟರು. ಮಹಾಕಾವ್ಯ ಮುಚ್ಚಿದ ಬಾಗಿಲನ್ನು ಹಳ್ಳಿಯ ನಂಬಿಕೆ ಒಂದು ಗೇಣು ತೆರೆದಿಟ್ಟಿತು.

ನಮ್ಮಲ್ಲೂ ಒಂದು ಗಡವಿದೆ. ಸೋಂದೆಯ ಅರಸ ತನ್ನ ತಂದೆಯ ಹೆಸರನ್ನಿಟ್ಟು ಕಟ್ಟಿಸಿದ ಸದಾಶಿವಗಡ, ಕಾಳಿ ನದಿ ಸಮುದ್ರ ಸೇರುವಲ್ಲಿ, ಉತ್ತರದ ದಂಡೆಯ ಗುಡ್ಡದ ಮೇಲೆ. ಅರಸನ ಹೆಸರು ಬಸ್ಸಿನ ಫಲಕದ ಮೇಲೆ ಉಳಿಯಿತು. ಅವನಿಗೆ ಯಾರೂ ಒಂದು ಲೋಟ ನೀರು ಕೊಡುವುದಿಲ್ಲ. ಆದರೆ ಹೊಳೆಯ ಆಚೆ ದಂಡೆಗೆ, ಕಾರವಾರದ ಕೋಡಿಬಾಗಕ್ಕೆ ಹೋಗಿ ನೋಡಿ. ಅಲ್ಲಿ ಖಾಪ್ರಿ ದೇವರಿದ್ದಾನೆ. ಆಫ್ರಿಕದಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ಮನುಷ್ಯ ಅವನು ಎಂದು ಐತಿಹ್ಯ. ಪೂರ್ವ ಆಫ್ರಿಕದ ಜನರನ್ನು ಪೋರ್ಚುಗೀಸರು ‘ಕಾಫ್ರಿ’ ಎಂದು ಕರೆದು, ಗುಲಾಮರನ್ನಾಗಿ ಗೋವೆಗೆ ತರುತ್ತಿದ್ದರೆಂಬುದು ಚರಿತ್ರೆ. ಹೆಸರು ಅಲ್ಲಿಂದಲೇ ಬಂದಿರಬೇಕು. ಈ ದೇವರಿಗೆ ಸಲ್ಲುವ ಸೇವೆ ಯಾವುದು ಗೊತ್ತೆ? ಸಿಗರೇಟು, ಮದ್ಯ, ಮೇಣದ ಬತ್ತಿ, ಕೋಳಿ. ವರ್ಷಕ್ಕೊಮ್ಮೆ ಜಾತ್ರೆ, ಜಾತ್ರೆಯ ದಿನ ಸಾಲಾಗಿ ಹಚ್ಚಿಟ್ಟ ಸಿಗರೇಟುಗಳ ಹೊಗೆ. ಹೊರಗಿನವರು ಪಟ ತೆಗೆದು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಅವರಂತೆ ನಗಲಾರೆ. ತನ್ನ ಭಾಷೆ ಬಲ್ಲವರಿಲ್ಲದ, ತನ್ನ ಹೆಸರೂ ಉಳಿಯದ ಒಬ್ಬ ಒಂಟಿ ಪರದೇಶಿಗೆ ಸತ್ತ ಮೇಲಾದರೂ ಊರು ಕೇಳಿತು: ನಿನಗೇನು ಇಷ್ಟ? ಅವನ ರುಚಿಯನ್ನು ನೆನಪಿಟ್ಟು, ಅದನ್ನೇ ತಂದುಕೊಟ್ಟಿತು. ಬದುಕಿದ್ದಾಗ ಹಾಗೆ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು ಎನ್ನುವವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಒಂಟಿತನವೇ ಕೇಡು ಎಂದರೆ ಋಷಿಗಳ ಏಕಾಂತಕ್ಕೆ ಏನೆನ್ನುವಿರಿ ಎಂದು ಯಾರಾದರೂ ಆಕ್ಷೇಪಿಸಿಯಾರು. ಅದಕ್ಕೂ ಈ ಕರಾವಳಿಯಲ್ಲೇ ಒಂದು ನಿದರ್ಶನ ಸಿಗುತ್ತದೆ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಇಪ್ಪತ್ತರ ಹರೆಯದ ರವೀಂದ್ರನಾಥ ಠಾಕೂರರು ಬಂದಿದ್ದರು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಲ್ಲಿ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’ 1884ರಲ್ಲಿ ಅಚ್ಚಾಯಿತು. ಎಲ್ಲ ನಂಟನ್ನೂ ಕಡಿದುಕೊಂಡು ಅನಂತವನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನ ಕಥೆ. ಎಲ್ಲರೂ ದೂರವಿಟ್ಟ ಒಬ್ಬ ಅನಾಥ ಹುಡುಗಿ ಅವನನ್ನು ಅಪ್ಪಾ ಎಂದು ಹಚ್ಚಿಕೊಳ್ಳುತ್ತಾಳೆ. ಆ ಅಕ್ಕರೆಗೆ ಬೆದರಿ ಅವನು ಓಡುತ್ತಾನೆ. ತಡೆಯಲಾರದೆ ತಿರುಗಿ ಬಂದಾಗ ಹುಡುಗಿ ಇಲ್ಲ. ಅವನು ಬಾಗಿಲನ್ನು ಒಳಗಿನಿಂದ ಹಾಕಿಕೊಂಡವನು. ತಟ್ಟುವ ಕೈ ಒಂದಿತ್ತು. ಬೇಕೆಂದಾಗ ಮರಳಬಹುದಾದ ಏಕಾಂತ ಬೇರೆ, ಮರಳಲು ತಾವೇ ಇಲ್ಲದ ಒಂಟಿತನ ಬೇರೆ. ಮೊದಲನೆಯದನ್ನು ಹೊಗಳಿದ ಗ್ರಂಥಗಳನ್ನು ತೋರಿಸಿ ಎರಡನೆಯದರಲ್ಲಿ ನರಳುವವರನ್ನು ಸಂತೈಸುವುದು ಪಂಡಿತರ ನಿರ್ದಯೆ.

ಇಷ್ಟನ್ನೂ ನಾನು ತತ್ತ್ವಕ್ಕಾಗಿ ಎತ್ತಿಕೊಂಡಿಲ್ಲ. ನಮ್ಮ ಓಣಿಯಲ್ಲಿ ತೊಂಬತ್ತು ದಾಟಿದ ಒಬ್ಬ ಆಯಿ ಇದ್ದಾರೆ. ಮಕ್ಕಳಲ್ಲಿ ಒಬ್ಬ ಮಸ್ಕತ್ತಿನಲ್ಲಿ, ಒಬ್ಬಳು ಪುಣೆಯಲ್ಲಿ. ಹಣ ತಪ್ಪದೆ ಬರುತ್ತದೆ, ಔಷಧ ತಪ್ಪದೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ವೈದ್ಯರು ಎದೆ ಪರೀಕ್ಷಿಸಿ, ನೂರು ವರ್ಷಕ್ಕೆ ಏನೂ ಭಯವಿಲ್ಲ ಎಂದರಂತೆ. ಸಂತೋಷದ ಸುದ್ದಿಯಲ್ಲವೆ ಆಯಿ ಎಂದೆ. “ನೂರು ಅಂದರು ತಮಾ. ಯಾರ ಸಂಗಡ ಅಂತ ಹೇಳಲಿಲ್ಲ” ಎಂದರು.

ಗಲಿವರನ ಪ್ರವಾಸದಲ್ಲಿ, ಸಾಯದ ಒಂದು ಜನಾಂಗವನ್ನು ಸ್ವಿಫ್ಟ್ 1726ರಲ್ಲೇ ಕಲ್ಪಿಸಿದ್ದ. ಅವರು ಮುಪ್ಪಾಗುತ್ತಲೇ ಇರುತ್ತಾರೆ, ಸಾಯುವುದಿಲ್ಲ; ಕಾಲ ಕಳೆದಂತೆ ನಾಡಿನ ಮಾತೇ ಬದಲಾಗಿ ಸ್ವಂತ ಊರಿನಲ್ಲಿ ಪರದೇಶಿಗಳಾಗುತ್ತಾರೆ. ಕ್ರೂರ ವಿನೋದವೆಂದು ಓದಿ ಬದಿಗಿಡುತ್ತಿದ್ದ ಆ ಪುಟಗಳು ಈಗ ಓಣಿಯ ವರದಿಯಂತೆ ಕಾಣುತ್ತವೆ. ಆಯುಸ್ಸನ್ನು ಉದ್ದ ಮಾಡುವ ವಿದ್ಯೆಯಲ್ಲಿ ನಾವು ಬಹಳ ಮುಂದೆ ಬಂದೆವು. ಆ ಉದ್ದವನ್ನು ತುಂಬುವ ಕೆಲಸವನ್ನು ಯಾರಿಗೂ ಒಪ್ಪಿಸಲಿಲ್ಲ. ಮಕ್ಕಳನ್ನು ದೂರುವುದು ಸುಲಭ. ಅನ್ನ ಇದ್ದಲ್ಲಿಗೆ ಅವರು ಹೋಗಲೇಬೇಕು. ಹತ್ತು ಹೆಜ್ಜೆ ದೂರದಲ್ಲಿರುವ ನಾವು ಮಾಡಬೇಕಾದದ್ದು ಏನೂ ಇಲ್ಲವೆ? ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಾಗ, ಅದರ ಚಾಲಕನನ್ನು ಬದುಕಿಸಿದವರಲ್ಲಿ ಇಲ್ಲಿಯ ಮೀನುಗಾರರೂ ಇದ್ದರು. ಅವನು ಯಾವ ನಾಡಿನವನು, ಯಾವ ಮಾತಿನವನು ಎಂದು ಆ ಕತ್ತಲಲ್ಲಿ ಯಾರೂ ಕೇಳಲಿಲ್ಲ. ಮುಳುಗುವವನ ಕೂಗಿಗೆ ಓಗೊಡುವ ಜನ ನಾವು. ಕೂಗದೆ ಕುಳಿತವರ ವಿಷಯದಲ್ಲಿ ನಮ್ಮ ಕಿವಿ ಅಷ್ಟು ಚುರುಕಲ್ಲ.

ಚಿತ್ರದ ಕಥೆಯನ್ನು ಆಯಿಗೂ ಹೇಳಿದೆ. ಪಾತ್ರೆಯ ಜಗಳಕ್ಕೆ ಚೆನ್ನಾಗಿ ನಕ್ಕರು. ಕೊನೆಯಲ್ಲಿ ವಿಯಾಗೋ ಆ 96ರ ಮುದುಕಿಯನ್ನು ತನ್ನಂತೆಯೇ ಸಾವಿಲ್ಲದವಳನ್ನಾಗಿ ಮಾಡಿಕೊಂಡು ಜೊತೆಗೂಡುವುದು ಅವರಿಗೆ ಅಷ್ಟು ರುಚಿಸಲಿಲ್ಲ. ಅವಳನ್ನು ಕೇಳಿದನೋ ಇಲ್ಲವೋ ಎಂದರು. ಅವರ ಮನಸ್ಸೆಲ್ಲ ಇದ್ದದ್ದು ನೆಲಮಾಳಿಗೆಯ ಎಂಟು ಸಾವಿರದವನ ಮೇಲೆ.

“ಅವನಿಗೆ ತಿನ್ನಲಿಕ್ಕೆ ಯಾರು ಕೊಡುತ್ತಿದ್ದರು?”

ವಿಯಾಗೋ ತಾನೇ ಕೆಳಗಿಳಿದು ಒಂದು ಕೋಳಿ ಕೊಟ್ಟು, ಮಾತಾಡಿಸಿ ಬರುತ್ತಾನೆ ಎಂದೆ.

“ಹಾಗಾದರೆ ಅಡ್ಡಿಲ್ಲ” ಎಂದು ಆಯಿ ಎಲೆಗೆ ಸುಣ್ಣ ಹಚ್ಚತೊಡಗಿದರು.